ಹುಯುಮೆಯ ಎಡಗಣ್ಣು

ಹುಯುಮೆ ಎಡಗಣ್ಣು ಮುಚ್ಚಿದಳೆಂದರೆ ಕೊಲ್ಲಿಯ ಅಲೆಗಳೂ ಮುಂದೆ ಬರಲು ಅವಳ ಅಪ್ಪಣೆಗೆ ಕಾಯುತ್ತವೆ ಎಂಬುದು ಕೊಲ್ಲಿ ತೀರದ ಬುಡಕಟ್ಟಿನವರಾದ ಒಹ್ಲೋನಿಗಳ ಆ ಹಟ್ಟಿಯ ನಂಬಿಕೆ. ಒಮ್ಮೆ ಕರಡಿಯೊಂದು ಆ ಕಣ್ಣು ಕಂಡು ಬೇರೆ ದಾರಿ ಹಿಡಿಯಿತಂತೆ. ಹೊಳೆದಂಡೆಯ ಮರಳುಗುಂಡಿಯಲ್ಲಿ ಓಕ್ ಕಾಯಿಯ ಹಿಟ್ಟು ಹರಡಿ, ನೀರು ಸುರಿದು ಸುರಿದು ಕಹಿ ಇಳಿಸಿದ ಮೇಲೆ ಹುಯುಮೆ ಒಂದು ಚಿಟಿಕೆ ಬಾಯಿಗೆ ಹಾಕಿ, ಎಡಗಣ್ಣು ಮುಚ್ಚಿ, "ಆಯ್ತು" ಎಂದರೆ ಮಾತ್ರ ಅದು ಗಂಜಿಯ ಹಿಟ್ಟು. ಇಲ್ಲದಿದ್ದರೆ ಮಣ್ಣು.

ಆ ಕಣ್ಣಿನ ಗುಟ್ಟೇನೆಂದು ಸೊಸೆ ಸೌಸೆಗೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಸಿಕ್ಕಿದ್ದು ಕಾಯಿ ಕುಟ್ಟುವ ಒರಳು ಮಾತ್ರ.

ಅಂದು ನಾದಿನಿಯನ್ನು ಹೆಣ್ಣು ಕೇಳಲು ಆಚೆ ದಡದವರು ಬರುವವರಿದ್ದರು.

"ಇವತ್ತು ರುಚಿ ನೀನೇ ನೋಡೇ," ಎಂದಳು ಹುಯುಮೆ. "ಸರಿಹೋದ್ರೆ ಇನ್ಮೇಲೆ ಗುಂಡಿ ನಿನ್ನದು. ಕಹಿಯಾದ್ರೆ ನನ್ನ ಮಗಳು ಜೀವನವಿಡೀ ನಿನ್ನ ತಲೆ ಮೇಲೇ ಕೂತಿರ್ತಾಳೆ."

ಹಿಟ್ಟು ಕದಡದಂತೆ ಸೊಪ್ಪಿನ ಕೊಂಬೆಯ ಮೇಲೆ ನೀರು ಬಿಟ್ಟು, ಸೌಸೆ ಚಿಟಿಕೆ ಎತ್ತಿಕೊಂಡಳು. ಎಡಗಣ್ಣು ಮುಚ್ಚಹೋದರೆ ಬಲಗಣ್ಣೂ ಜೊತೆಗೇ ಹೊರಟಿತು. ಕೆನ್ನೆ ಸೊಟ್ಟಗಾಯಿತು, ತುಟಿ ಕಿವಿಗೆ ಹೋಯಿತು. ಘೋರ ಸಮರದ ನಂತರ ಎಡಗಣ್ಣೊಂದೇ ಮುಚ್ಚಿತು.

"ಆಯ್ತು!"

"ಹೆಂಗಿದೆ ರುಚಿ?"

ಸೌಸೆ ಕೈ ನೋಡಿಕೊಂಡಳು. ಚಿಟಿಕೆ ಹಿಟ್ಟು ಬೆರಳಲ್ಲೇ ಇತ್ತು!

ಬಾಯಿಗೆ ಹಾಕಿದರೆ ಕಹಿಗೆ ನಾಲಗೆ ಬಿಸಿಲಿಗಿಟ್ಟ ಹಸಿ ತೊಗಲಿನಂತೆ ಸುರುಟಿಕೊಂಡಿತು. ಅಷ್ಟರಲ್ಲಿ ಜೊಂಡಿನ ದೋಣಿಗಳು ದಡ ಮುಟ್ಟಿಬಿಟ್ಟಿದ್ದವು.

"ಅತ್ತಿಗೆ, ನನ್ನನ್ನ ಇಲ್ಲೇ ಮುದುಕಿ ಮಾಡ್ತೀಯಾ?" ನಾದಿನಿ ಗೋಳಿಟ್ಟಳು.

ಗಂಡಸರು ನೆಂಟರನ್ನು ಉಪಾಯವಾಗಿ, ಒಳಗೆ ಬೆಂಕಿ ಹಾಕಿ ಮೈ ಬೆವರಿಳಿಸುವ ಬೆವರುಮನೆಗೆ ಕರೆದೊಯ್ದರು. ಅವರು ಒಳಗೆ ಬೇಯುತ್ತಿದ್ದರೆ, ಸೌಸೆ ಹೊಳೆಗೂ ಗುಂಡಿಗೂ ಓಡಾಡಿ ನೀರು ಸುರಿದಳು. ಪ್ರತಿ ಸಲವೂ ಎರಡೂ ಕಣ್ಣು ಬಿಟ್ಟೇ ರುಚಿ ನೋಡಿದಳು. ಕೊನೆಗೆ ನಾಲಗೆಗೆ ಏನೂ ತಿಳಿಯಲಿಲ್ಲ: ಕಹಿಯಿಲ್ಲ, ಸಿಹಿಯಿಲ್ಲ.

"ಆಯ್ತು," ಎಂದಳು, ಮೆಲ್ಲಗೆ.

ಹುಯುಮೆ ತಾನು ರುಚಿ ನೋಡಲಿಲ್ಲ. ನೀರು ಸೋರದ ಹೆಣಿಗೆಯ ಬುಟ್ಟಿಯಲ್ಲಿ ಆ ಹಿಟ್ಟು ಕದಡಿ, ಕೆಂಡದಲ್ಲಿ ಕಾಯಿಸಿದ ಕಲ್ಲುಗಳನ್ನು ಇಳಿಸಿದಳು. ಗಂಜಿ ಕೊತಕೊತ ಕುದಿಯಿತು. ನೆಂಟರ ಹಿರಿಯ ಬೆರಳು ನೆಕ್ಕಿ, ಇನ್ನಷ್ಟು ಕೇಳಿ, ಚಿಪ್ಪಿನ ಮಣಿಸರ ಬಿಚ್ಚಿ ಮುಂದಿಟ್ಟ. ಹುಡುಗಿ ಒಪ್ಪಿಗೆಯಾದಳು.

ಬುಟ್ಟಿ ತೊಳೆಯುವಾಗ ಸೌಸೆಗೆ ತಡೆಯಲಾಗಲಿಲ್ಲ. "ಅತ್ತೆ, ಗುಂಡಿ ನನ್ನದಾಯ್ತಲ್ಲ, ಈಗಾದ್ರೂ ಹೇಳಿ. ಆ ಎಡಗಣ್ಣಲ್ಲಿ ಏನಿದೆ?"

"ಕಣ್ಣಲ್ಲಿ ಏನಿರ್ತದೆ? ಆ ಕಡೆ ಹಲ್ಲು ಸವೆದಿದೆ ಕಣೇ. ಒರಳಿನ ಕಲ್ಲುಪುಡಿ ತಗುಲಿದ್ರೆ ಜುಂ ಅಂತದೆ, ಕಣ್ಣು ತಾನೇ ಮುಚ್ಕೊಳ್ತದೆ. ನೀನು ಕುಟ್ಟಿದ್ರಲ್ಲಂತೂ ಜಾಸ್ತಿ."