ದಾರ ಮೀಟುತ್ತಿದ್ದ ಸರ್

ಅವರ ಬಲಗೈಯ ತೋರುಬೆರಳು ನಡುಗುತ್ತಿತ್ತು. ಎರಡು ಕುರ್ಚಿಗಳ ನಡುವೆ ಬಿಗಿದು ಕಟ್ಟಿದ ಕೆಂಪು ರೇಷ್ಮೆ ದಾರದ ಹತ್ತಿರ ಬಂದಾಗ ಆ ನಡುಕ ಇನ್ನೂ ಜಾಸ್ತಿ. ದಾರವನ್ನೊಮ್ಮೆ ಮೀಟಿದರೆಂದರೆ ಬೆರಳು ನೆಟ್ಟಗೆ ನಿಲ್ಲುತ್ತಿತ್ತು, ಮಾತು ಶುರುವಾಗುತ್ತಿತ್ತು.

ಸರ್ ಗದುಗಿನ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು, ಬೆಟಗೇರಿಯ ನೇಕಾರರ ಮನೆಯವರು. ನಿವೃತ್ತರಾದ ಮೇಲೆ ಊರೂರು ತಿರುಗಿ ಜನರಿಗೆ ಸ್ಟ್ರಿಂಗ್ ಥಿಯರಿ ಹೇಳುವ ಹುಚ್ಚು ಹಿಡಿಸಿಕೊಂಡಿದ್ದರು. ಎಲ್ಲ ವಸ್ತುಗಳ ತಳದಲ್ಲೂ ಯಾವ ಯಂತ್ರಕ್ಕೂ ಕಾಣದಷ್ಟು ಸಣ್ಣ ತಂತಿಗಳು ಕಂಪಿಸುತ್ತಿರಬಹುದು ಎನ್ನುವ ವಿಚಾರ ಅದು. ಭಾಷಣಕ್ಕೆ ಮೊದಲು ಅವರು ಏನೂ ತಿನ್ನುತ್ತಿರಲಿಲ್ಲ. ಮುಗಿದ ಮೇಲೆ ಮಂಡಕ್ಕಿಯ ಗಿರಮಿಟ್ ಮುಂದಿಟ್ಟುಕೊಂಡು, ಮಿರ್ಚಿ ಕಡಿಯುತ್ತ, "ಇವತ್ತೂ ಯಾರೂ ಹೊಡೀಲಿಲ್ಲ ನೋಡವಾ" ಎಂದು ನಗುತ್ತಿದ್ದರು.

ನಾನು ಆಗ ಹೊಳೆದಂಡೆಯ ಕೊರ್ಲಹಳ್ಳಿಯಲ್ಲಿ ಟೀಚರ್. ನಮ್ಮ ಶಾಲೆಗೂ ಅವರನ್ನು ಕರೆಸಿದೆ. ತಾಯಂದಿರೂ ಬಂದಿದ್ದರಿಂದ ಸರ್‌ಗೆ ವಿಪರೀತ ಹುರುಪು. ದಾರ ಮೀಟಿ, "ಕಲ್ಲೂ ಇದ, ನೀರೂ ಇದ, ನಮ್ಮ ಮೈಯೂ ಇದ! ನಡುಗೂ ರೀತಿ ಬದಲಾದ್ರ ವಸ್ತುನ ಬದಲಾಗತೈತಿ!" ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಬಂದು, "ಸರ, ಈ ದಾರ ನನಗ ಕೊಡ್ತೀರೇನ್ರಿ?" ಎಂದಳು. ಸರ್ ಹಿಗ್ಗಿಹೋದರು. ಯಾಕೆ ಎಂದು ಕೇಳದೆ ಬಿಚ್ಚಿ ಕೊಟ್ಟರು.

ಕೆಲವು ವಾರ ಕಳೆದಿರಬೇಕು. ಒಂದು ದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವಳಿಗೆ ಫಿಟ್ಸ್ ಬರುತ್ತಿತ್ತು, ಒಂದು ದಿನವೂ ಗುಳಿಗೆ ತಪ್ಪಿಸುವಂತಿರಲಿಲ್ಲ. ಗೆಳತಿಯನ್ನು ಕೇಳಿದರೆ, "ಆಕಿ ಗುಳಿಗಿ ಬಿಟ್ಟಾಳ್ರಿ ಟೀಚರ್. ಅವರವ್ವ ಸರ್ ಕೊಟ್ಟ ದಾರ ಕೈಗೆ ಕಟ್ಯಾಳ್ರಿ" ಎಂದಳು.

ಹುಡುಗಿಯ ಮನೆಗೆ ಓಡಿಹೋದರೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕಿ ಹೊರಗೆ ಬಂದು, "ಮುಂಜಾನಿ ಅರಿವಿ ಒಗ್ಯಾಕ ಹೊಳಿಗೆ ಹೋಗಿತ್ರಿ ಕೂಸು. ಫಿಟ್ಸ್ ಬಂದು ನೀರಾಗ ಬಿತ್ತಂತ. ಮುಂಡರಗಿ ದವಾಖಾನಿಗೆ ಒಯ್ದಾರ" ಎಂದಳು. ಕೂಸು ಬದುಕಿದೆಯೋ ಇಲ್ಲವೋ ಮುದುಕಿಗೂ ಗೊತ್ತಿರಲಿಲ್ಲ.

ಸರ್ ಅವತ್ತು ಭಾಷಣಕ್ಕೆಂದು ಮುಂಡರಗಿಗೇ ಬಂದಿದ್ದರು. ಫೋನಿನಲ್ಲಿ ವಿಷಯ ಹೇಳಿದೆ. ನಾನು ಟಂಟಂ ಆಟೋ ಹತ್ತಿ ಅಲ್ಲಿಗೆ ಮುಟ್ಟಿದಾಗ ಅವರು ಆಸ್ಪತ್ರೆಯ ಗೇಟಿನ ಹೊರಗೇ ನಿಂತಿದ್ದರು. ಅಷ್ಟು ಹೊತ್ತಾದರೂ ಒಳಗೆ ಹೋಗುವ ಧೈರ್ಯ ಬಂದಿರಲಿಲ್ಲ.

"ನೀ ಮೊದಲ ಹೋಗವಾ. ನೋಡಿ ಬಂದು ಹೇಳು."

"ನನಗೂ ಹೆದರಿಕಿ ಐತ್ರಿ ಸರ್. ಇಬ್ಬರೂ ಹೋಗೂಣ್ರಿ."

ಅವರು ನನ್ನ ಕೈ ಹಿಡಿದುಕೊಂಡರು. ಬೆರಳಷ್ಟೇ ಅಲ್ಲ, ಇಡೀ ಮನುಷ್ಯರೇ ನಡುಗುತ್ತಿದ್ದರು. ಒಳಗೆ ಹುಡುಗಿ ಮಲಗಿದ್ದಳು. ಹೊದಿಕೆ ಮೇಲೆ ಕೆಳಗೆ ಆಡುವುದು ಕಾಣುವವರೆಗೂ ನಾನು ಬಾಗಿಲಲ್ಲೇ ನಿಂತೆ. ಉಸಿರಿತ್ತು. ಕೈಯಲ್ಲಿ ಒದ್ದೆಯಾದ ಕೆಂಪು ದಾರವೂ ಇತ್ತು.

ತಾಯಿ ಎದ್ದು ನಿಂತಳು. "ನಡುಕ ಬದಲಾದ್ರ ಎಲ್ಲಾ ಬದಲಾಗತೈತಿ ಅಂದಿದ್ರಲ್ರೀ?"

"ಅಂದಿದ್ದೆ ತಾಯಿ. ಈ ದಾರಕ್ಕ ಜಡ್ಡು ಬಿಡಿಸೂ ಶಕ್ತಿ ಇಲ್ಲ. ನಾ ಹೇಳಿದ ತಂತಿ ಅದಾವೋ ಇಲ್ಲೋ, ಅದೂ ನಮಗ ಇನ್ನೂ ಗೊತ್ತಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

"ಗೊತ್ತಿಲ್ಲ ಅನ್ನೂದನ್ನ ಅವತ್ತ ಯಾಕ ಹೇಳ್ಲಿಲ್ರಿ ಸರ?"

ಸರ್ ಅವಳಿಗೆ ಕೈ ಮುಗಿದರು. ಅವಳು ಮಗಳ ಕೈಯ ದಾರ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.

ಸರ್ ಭಾಷಣ ಬಿಡಲಿಲ್ಲ. ಅದೇ ದಾರ ಕಟ್ಟುತ್ತಿದ್ದರು. ಆದರೆ ಮೀಟುವ ಮೊದಲು, "ಇದು ಖರೆ ಅಂತ ಇನ್ನೂ ಗೊತ್ತಾಗಿಲ್ರಿ. ಇದರಿಂದ ಯಾವ ಜಡ್ಡೂ ಹೋಗೂದಿಲ್ಲ" ಎನ್ನುತ್ತಿದ್ದರು. ಶಿರಹಟ್ಟಿಯಲ್ಲಿ ಒಬ್ಬ ಯಜಮಾನರು, "ಗೊತ್ತಿಲ್ಲ ಅಂತ ಹೇಳಾಕ ಇಷ್ಟು ದೂರ ಬಂದೀರೇನ್ರಿ?" ಎಂದು ಕಾಲೆಳೆದರು. "ಹೌದ್ರಿ, ಮೊದಲ ಅದನ್ನ ಹೇಳಾಕ ಬಂದೀನ್ರಿ" ಎಂದರು ಸರ್. ಚಪ್ಪಾಳೆ ಕಡಿಮೆಯಾಯಿತು. ಗಿರಮಿಟ್ ಮುಂದೆ ಕೂತರೂ ಮೊದಲಿನ ನಗು ಬರಲಿಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಮಣ್ಣಿಗೆ ಆ ತಾಯಿ ಬಂದಿದ್ದಳು, ಎತ್ತರಕ್ಕೆ ಬೆಳೆದ ಮಗಳೂ ಜೊತೆಗಿದ್ದಳು. ಸರ್ ಅವರ ಹೆಂಡತಿ ಆ ದಾರವನ್ನು ನನಗೆ ಕೊಟ್ಟರು.

ಈಗ ನಾನೂ ಅದನ್ನು ಕುರ್ಚಿಗಳ ನಡುವೆ ಕಟ್ಟುತ್ತೇನೆ. ಇದು ಖರೆ ಅಂತ ಇನ್ನೂ ಗೊತ್ತಿಲ್ಲ ಎಂದು ಅವರು ಹೇಳುತ್ತಿದ್ದ ಮಾತನ್ನು ಮೊದಲು ಹೇಳುತ್ತೇನೆ. ಆಮೇಲೆ ಬೆರಳು ಚಾಚಿದರೆ, ಮುಂದಿನ ಸಾಲಿನ ಮಕ್ಕಳ ಮುಖ ಕಂಡು ಅದು ನಡುಗತೊಡಗುತ್ತದೆ. ಈ ಹೆದರಿಕೆ ನನ್ನನ್ನು ಎಂದೂ ಬಿಡದಿರಲಿ.