ಒಂದು ಬಿಲ್ಲೆಗೆ ಎರಡು ಬಂದೂಕು

ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ನಾನೂ ನನ್ನ ಎರಡು ಬಂದೂಕು ಹೊತ್ತುಕೊಂಡು ಸುರಪುರದ ಠಾಣೆಗೆ ಹೋದೆ. ಅಲ್ಲಿ ದೇವಾಪುರದ ಹಿರಿಯರೊಬ್ಬರು ತಮ್ಮ ಹಳೇ ಒಂಟಿ ನಳಿಗೆ ಬಂದೂಕನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

"ಎರಡು ಯಾಕ್ರಿ ಸರ?" ಅಂದ ಕಾನ್‌ಸ್ಟೆಬಲ್.

ಕೇಳುವವರು ಸಿಕ್ಕಿದ್ದೇ ತಡ, ಪಾಠ ಶುರು ಮಾಡಿದೆ. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಯನ್ನು ಹೊಡೆದು ಒಡೆಯುವುದು ನನ್ನ ಹವ್ಯಾಸ. ಟ್ರ್ಯಾಪ್ ಎಂಬ ಆಟದಲ್ಲಿ ಬಿಲ್ಲೆ ನಮ್ಮಿಂದ ದೂರಕ್ಕೆ ಹಾರುತ್ತದೆ. ಅದಕ್ಕೆ ಉದ್ದ ನಳಿಗೆ, ಬಿಗಿ ಬಾಯಿ ಬೇಕು, ಚರೆಗುಂಡು ಚದುರದೆ ದೂರ ಮುಟ್ಟಬೇಕಲ್ಲ. ಸ್ಕೀಟ್ ಆಟದಲ್ಲಿ ಬಿಲ್ಲೆ ಹತ್ತಿರದಲ್ಲೇ ಅಡ್ಡ ಹಾಯುತ್ತದೆ. ಅದಕ್ಕೆ ಗಿಡ್ಡ ನಳಿಗೆ, ಅಗಲ ಬಾಯಿ, ಚರೆ ಬೇಗ ಹರಡಬೇಕು. ಹೇಳುತ್ತ ಹೇಳುತ್ತ ಎದ್ದು ನಿಂತು ಭುಜಕ್ಕೆ ಬಂದೂಕು ಏರಿಸುವ ಭಂಗಿಯನ್ನೂ ತೋರಿಸಿದೆ.

ಹಿರಿಯರು ಎಲ್ಲ ಕೇಳಿ ತಲೆಯಾಡಿಸಿದರು. "ನಮ್ಮ ಶೇಂಗಾ ಹೊಲದಾಗ ಹಂದಿ ದೂರಾನೂ ಓಡ್ತಾವ, ಅಡ್ಡಾನೂ ಹಾಯ್ತಾವ್ರಿ. ನಾ ಇದೊಂದರಿಂದ ಮ್ಯಾಲ ಹೊಡದು ಸಪ್ಪಳ ಮಾಡ್ತೀನಿ, ಹೋಗ್ತಾವ." ತೊಡೆ ಮೇಲಿನ ಬಂದೂಕು ತಟ್ಟಿ ಕೇಳಿದರು: "ಇದನ್ನ ಇಲ್ಲಿ ಇಟ್ಟು ಹೋದ್ರ ಹಂದಿ ನನ್ನ ಹೊಲಾ ತಿಂದು ಹಾಕ್ತಾವ. ನಿಮ್ಮವು ಇಲ್ಲಿದ್ರ ಏನಾಗ್ತದ್ರಿ?"

ಯೋಚಿಸಿದೆ. ಸುಳ್ಳು ಹೊಳೆಯಲಿಲ್ಲ.

"ಏನೂ ಆಗಂಗಿಲ್ಲ ಕಾಕಾ. ನನ್ನ ಕೈಯಾಗ ಇದ್ದಾಗೂ ಬಿಲ್ಲೆಗೋಳಿಗೆ ಏನೂ ಆಗ್ತಿರಲಿಲ್ಲ."

ರಸೀದಿ ಬರೆಯುತ್ತಿದ್ದ ಕಾನ್‌ಸ್ಟೆಬಲ್ ತಮಾಷೆ ಅಂದುಕೊಂಡು ನಕ್ಕ. ನಾನು ತಿದ್ದಲು ಹೋಗಲಿಲ್ಲ.