ಮೊದಲು ನನ್ನ ಹತ್ತಿರ ಬನ್ನಿ

ಅವರ ತುರುಬಿನ ಒಂದು ಬದಿಗೆ ಕನಕಾಂಬರ, ಇನ್ನೊಂದು ಬದಿಗೆ ಮೊಂಡು ಪೆನ್ಸಿಲ್. ಚಾಮರಾಜಪೇಟೆಯ ನಮ್ಮ ಪುಟ್ಟ ಇಂಟರ್‌ನೆಟ್ ಕಂಪನಿಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ದುಡಿದು, ಐವತ್ತರ ಹೊಸ್ತಿಲಲ್ಲಿ, ಇಂಟರ್‌ನೆಟ್ಟಿಗೆ ದಾರಿ ತೋರಿಸುವ ರೌಟರ್ ಯಂತ್ರದ ಕೆಲಸ ಕಲಿತವರು. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ನನ್ನ ಬಳಿ ಪದವಿ ಇತ್ತು, ವಿದ್ಯೆ ಅವರ ಬಳಿ ಇತ್ತು.

ಯಾರಿಗೂ ಅವರು ಬರೀ ವಿಳಾಸ ಕೊಟ್ಟು ಕಳಿಸಿದವರಲ್ಲ. ಗವಿಪುರದಲ್ಲಿ ಜಾತಕ ನೋಡುವವರ ಮನೆ ಎಲ್ಲಿ ಎಂದು ಕೇಳಿದರೆ, "ಎನ್.ಆರ್. ಕಾಲೋನೀಲಿ ನಮ್ಮನೆ ಗೊತ್ತಲ್ಲ? ಮೊದ್ಲು ನನ್ನ ಹತ್ರ ಬನ್ನಿ. ಅಲ್ಲಿಂದ ನಾನ್ ಕರ್ಕೊಂಡ್ ಹೋಗ್ತೀನಿ" ಎನ್ನುವರು. ಬಂದವರಿಗೆ ಕಾಫಿ ಕುಡಿಸದೆ ಹೊರಡುತ್ತಲೂ ಇರಲಿಲ್ಲ. ಇದೆಂಥ ಸುತ್ತುಬಳಸು ಎಂದು ನಾನು ಮರೆಯಲ್ಲಿ ನಗುತ್ತಿದ್ದೆ.

ಹೊರ ಜಗತ್ತಿನ ದಾರಿಗಳನ್ನು ಒಂದು ದೊಡ್ಡ ಕಂಪನಿಯ ರೌಟರ್ ನಮ್ಮ ಚಾಮರಾಜಪೇಟೆಯ ರೌಟರಿಗೆ ತಿಳಿಸುತ್ತಿತ್ತು. ನಮ್ಮದು ಅವನ್ನು ಮಲ್ಲೇಶ್ವರದ ನಮ್ಮದೇ ಇನ್ನೊಂದು ರೌಟರಿಗೆ ದಾಟಿಸುತ್ತಿತ್ತು. ದಾಟಿಸುವಾಗ 'ಮುಂದಿನ ನಿಲುಗಡೆ ನಾನೇ' ಎಂದು ತನ್ನ ವಿಳಾಸ ಹಾಕಲಿ ಎಂದು ಮೇಡಂ ಅದರ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದಿದ್ದರು. ದಾರಿ ಹೇಳಿದ್ದು ದೊಡ್ಡ ಕಂಪನಿ, ನಡುವೆ ನಮ್ಮ ಹೆಸರೇಕೆ? ಒಂದು ಮಧ್ಯಾಹ್ನ ಜಾಣತನ ತೋರಿಸಲು ಹೋಗಿ ಆ ಸಾಲನ್ನು ಅಳಿಸಿಬಿಟ್ಟೆ.

ಅಂದು ಪಿಯುಸಿ ಫಲಿತಾಂಶದ ದಿನ. ಮಲ್ಲೇಶ್ವರದ ಎಷ್ಟೋ ಸೈಬರ್ ಕೆಫೆಗಳು ನಮ್ಮನ್ನೇ ನಂಬಿದ್ದವು. ಸ್ವಲ್ಪ ಹೊತ್ತಿಗೆ ಫೋನುಗಳು ಒಂದೇ ಸಮ ಬಡಿದುಕೊಳ್ಳತೊಡಗಿದವು. ಅಲ್ಲಿನ ರೌಟರಿನಲ್ಲಿ ದಾರಿಗಳ ಪಟ್ಟಿ ಪೂರ್ತಿ ಕಾಣುತ್ತಿದೆ, ಒಂದೂ ನಡೆಯುತ್ತಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದು ಹೋದರೆ ಸಾಕು, ನನಗೆ ಗಂಡು ನೋಡಲು ಮನೆಯಲ್ಲಿ ತುದಿಗಾಲಲ್ಲಿ ನಿಂತಿದ್ದರು.

ಊಟದ ಡಬ್ಬಿ ಹಿಡಿದು ಬಂದ ಮೇಡಂ ತುರುಬಿನಿಂದ ಪೆನ್ಸಿಲ್ ಎಳೆದು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ರೌಟರಿಗೆ ಮೂರು ಸೊನ್ನೆ ಬರೆದರು.

"ಮಲ್ಲೇಶ್ವರದೋನಿಗೆ ಈಗ ಯಾರ ವಿಳಾಸ ಹೋಗ್ತಿದೆ?"

"ದೊಡ್ಡ ಕಂಪನಿ ರೌಟರ್‌ದು, ಮೇಡಂ."

"ಅಲ್ಲಿಗೆ ಹೋಗೋದು ಹೇಗೆ ಅಂತ ಅವನಿಗ್ ಗೊತ್ತಾ?"

"ಇಲ್ಲ..."

"ಮತ್ತೆ? ಹೊರಗಿನೋರಿಗೆ ಹೇಳೋವಾಗ ಈ ರೌಟರ್ ತಾನಾಗೇ ತನ್ನ ವಿಳಾಸ ಹಾಕತ್ತೆ. ಮನೆಯವರಿಗೆ, ಅಂದ್ರೆ ನಮ್ಮದೇ ಇನ್ನೊಂದು ರೌಟರಿಗೆ ಹೇಳೋವಾಗ, ಕೇಳಿದ್ದನ್ನ ಹಾಗೇ ಒಪ್ಪಿಸಿಬಿಡತ್ತೆ. ಮೊದ್ಲು ನನ್ನ ಹತ್ರ ಬಾ, ಮುಂದಿಂದು ನಾನ್ ನೋಡ್ಕೋತೀನಿ ಅನ್ನೋದನ್ನ ನಾವೇ ಕಲಿಸ್ಬೇಕು ಕಣೇ."

ಆ ಸಾಲು ಮತ್ತೆ ಹಾಕಿದೆ. ಮಲ್ಲೇಶ್ವರಕ್ಕೆ ಜೀವ ಬಂತು. ಅಷ್ಟರಲ್ಲಿ ಮಾಲೀಕರು ಕೆಂಪಾಗಿ ಮೆಟ್ಟಿಲು ಹತ್ತಿ ಬಂದು, "ಯಾರ್ರೀ ಮಾಡಿದ್ದು ಇದನ್ನ?" ಎಂದು ಗುಡುಗಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದು ನಿಂತರು.

"ಆ ರೌಟರ್ ನನ್ನ ಜವಾಬ್ದಾರಿ. ಏನಿದ್ರೂ ನನ್ನ ಕೇಳಿ."

ಬೈಗುಳವೆಲ್ಲ ಅವರ ಮೇಲೆ ಬಿತ್ತು. ತಲೆ ತಗ್ಗಿಸಿ ಕೇಳಿಸಿಕೊಂಡರು. ಮಾಲೀಕರು ಇಳಿದು ಹೋದ ಮೇಲೆ ಡಬ್ಬಿ ಬಿಚ್ಚಿ ಅರ್ಧ ಚಿತ್ರಾನ್ನ ನನ್ನ ಕಡೆ ತಳ್ಳಿದರು. ನಾನು ಅದನ್ನು ತಿಂದು ಮುಗಿಸಿದೆ. ಅಂದು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ನಾನು ಬೇರೆ ಕಂಪನಿ ಸೇರಿದೆ. ಅವರು ಆಗಾಗ ಫೋನ್ ಮಾಡಿ, "ಈ ಕಡೆ ಬಂದ್ರೆ ಮೊದ್ಲು ನನ್ನ ಹತ್ರ ಬಾ, ಆಮೇಲೆ ಬೇರೆ ಕಡೆ ಹೋಗುವಿಯಂತೆ" ಎನ್ನುತ್ತಿದ್ದರು. ಈ ಭಾನುವಾರ, ಮುಂದಿನ ಭಾನುವಾರ ಎಂದು ತಳ್ಳುತ್ತಲೇ ಹೋದೆ. ಕೊನೆಗೆ ನಾನು ಹೋದದ್ದು ಅವರ ವೈಕುಂಠ ಸಮಾರಾಧನೆಗೆ.

ಈಗಲೂ ಎನ್.ಆರ್. ಕಾಲೋನಿಯ ಕಡೆ ಏನೇ ಕೆಲಸವಿರಲಿ, ಕಾಲು ಮೊದಲು ಆ ಮನೆಯತ್ತಲೇ ತಿರುಗುತ್ತದೆ. ಗೇಟಿನವರೆಗೂ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗುವವರಿಲ್ಲ.